ಮೇನ್ ರಾಜ್ಯದ ಹಿಮಹಾದಿಗಳು: ಯಾರದೋ ನೆಲ, ಯಾರದೋ ದುಡಿಮೆ, ಊರಿಗೆಲ್ಲ ಸಂಪಾದನೆ

ಅಮೆರಿಕದ ಈಶಾನ್ಯ ತುದಿಯಲ್ಲಿರುವ ಮೇನ್ ರಾಜ್ಯದಲ್ಲಿ ಡಿಸೆಂಬರ್ ಕಳೆದು ಹಿಮ ಗಟ್ಟಿಗೊಳ್ಳುತ್ತಿದ್ದಂತೆ ಹೊಸದೊಂದು ಸಂಚಾರ ಜಾಲ ತೆರೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಅದರ ಬಹುಭಾಗ ಕಣ್ಣಿಗೇ ಬೀಳದು. ಜೌಗು ನೆಲ, ಕೊಯ್ಲು ಮುಗಿದ ಆಲೂಗಡ್ಡೆ ಹೊಲ, ಮರ ಸಾಗಿಸುವ ಕಾಡುದಾರಿ, ಹಳಿ ಕಿತ್ತುಹೋದ ರೈಲು ಮಾರ್ಗ, ಹೆಪ್ಪುಗಟ್ಟಿದ ಸರೋವರ - ಇವುಗಳ ಮೇಲೆ ಹಾಯುವ ಈ ಹಿಮಹಾದಿಗಳ ಒಟ್ಟು ಉದ್ದ ಸುಮಾರು 14,000 ಮೈಲಿ. ಅಂದರೆ 22,000 ಕಿ.ಮೀ.ಗೂ ಅಧಿಕ. ಹಿಮದ ಮೇಲೆ ಓಡುವ ಸ್ನೋಮೊಬೈಲ್ ಎಂಬ ವಾಹನಕ್ಕಾಗಿಯೇ ಇವು ರೂಪುಗೊಂಡಿವೆ.

ಈ ಹಾದಿಗಳನ್ನು ಕಡಿದು, ಸಮತಟ್ಟು ಮಾಡಿ, ಫಲಕ ನೆಟ್ಟು ಕಾಯುವವರು ಸರ್ಕಾರಿ ನೌಕರರಲ್ಲ. ಸುಮಾರು 280 ಸ್ಥಳೀಯ ಕ್ಲಬ್‌ಗಳ ಸದಸ್ಯರು ಬಹುಪಾಲು ಸಂಬಳವಿಲ್ಲದೆ ಈ ಕೆಲಸ ಮಾಡುತ್ತಾರೆ. ಹಾದಿ ಹಾಯುವ ನೆಲವೂ ಕ್ಲಬ್‌ಗಳದ್ದಲ್ಲ. ಅದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ಖಾಸಗಿ ಜಮೀನು. ಒಡೆಯರು ಬಾಡಿಗೆ ಪಡೆಯದೆ ನೀಡಿದ ಅನುಮತಿಯ ಮೇಲೆ ಇಡೀ ಜಾಲ ನಿಂತಿದೆ. ಆದರೆ ಈ ಹಾದಿಗಳಿಂದ ಬರುವ ಆದಾಯ ಮಾತ್ರ ನೈಜವಾದದ್ದು. ವಸತಿಗೃಹ, ಉಪಾಹಾರ ಮಂದಿರ, ಪೆಟ್ರೋಲ್ ಬಂಕ್, ದುರಸ್ತಿ ಅಂಗಡಿಗಳ ಮೂಲಕ ಅದು ಚಳಿಗಾಲದುದ್ದಕ್ಕೂ ಸಣ್ಣ ಊರುಗಳನ್ನು ಸಲಹುತ್ತದೆ. ಕೊಡುವವರು ಒಬ್ಬರು, ದುಡಿಯುವವರು ಮತ್ತೊಬ್ಬರು, ಗಳಿಸುವವರು ಇನ್ನೊಬ್ಬರು ಎಂಬ ಈ ವ್ಯವಸ್ಥೆ ಅರ್ಧ ಶತಮಾನದಿಂದ ನಡೆದುಬಂದಿರುವುದು ಹೇಗೆ, ಅದು ಇಂದು ಎದುರಿಸುತ್ತಿರುವ ಆತಂಕಗಳೇನು ಎಂಬುದರ ಅವಲೋಕನ ಇಲ್ಲಿದೆ.

ವಾಹನದ ಹಿನ್ನೆಲೆ

ಸ್ನೋಮೊಬೈಲ್ ಎಂದರೆ ಮುಂದೆ ಎರಡು ಸ್ಕೀ ಪಟ್ಟಿಗಳನ್ನು, ಹಿಂದೆ ಚಕ್ರದ ಬದಲು ಸುತ್ತುವ ರಬ್ಬರ್ ಪಟ್ಟಿಯನ್ನು ಹೊಂದಿರುವ ಮೋಟಾರು ವಾಹನ. ಮೋಟಾರ್ ಸೈಕಲ್‌ನಂತೆಯೇ ಹಿಡಿ ಹಿಡಿದು, ಕಾಲು ಅಗಲಿಸಿ ಕುಳಿತು ಇದನ್ನು ಓಡಿಸುತ್ತಾರೆ. ಇದು ಹುಟ್ಟಿದ್ದು ಮೋಜಿಗಾಗಿ ಅಲ್ಲ, ಅಗತ್ಯಕ್ಕಾಗಿ.

ಮೇನ್‌ಗೆ ಹೊಂದಿಕೊಂಡಿರುವ ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್ ಎಂಬ ಹಳ್ಳಿಯಲ್ಲಿ 1907ರಲ್ಲಿ ಜನಿಸಿದ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೇ ಬಾಲ್ಯದಿಂದಲೂ ಹಿಮದ ಮೇಲೆ ಓಡುವ ಯಂತ್ರದ ಕನಸು ಕಂಡವರು. 1934ರ ಚಳಿಗಾಲದಲ್ಲಿ ಅವರ ಎರಡು ವರ್ಷದ ಮಗು ಅಪೆಂಡಿಕ್ಸ್ ಕಾಯಿಲೆಗೆ ತುತ್ತಾಯಿತು. ದಾರಿಗಳೆಲ್ಲ ಹಿಮದಿಂದ ಮುಚ್ಚಿದ್ದ ಕಾರಣ ಆಸ್ಪತ್ರೆಗೆ ಒಯ್ಯಲಾಗದೆ ಮಗು ಅಸುನೀಗಿತು. ಮೂರು ವರ್ಷಗಳ ತರುವಾಯ, 1937ರಲ್ಲಿ, ಏಳು ಮಂದಿ ಕುಳಿತು ಸಾಗಬಹುದಾದ ಹಿಮವಾಹನವನ್ನು ಅವರು ಮಾರುಕಟ್ಟೆಗೆ ತಂದರು. ಒಬ್ಬಿಬ್ಬರು ಸವಾರಿ ಮಾಡಬಹುದಾದ ಹಗುರ ವಾಹನ 'ಸ್ಕೀ-ಡೂ' 1959ರಲ್ಲಿ ಬಂದಿತು. ಇದಕ್ಕೂ ಮುನ್ನ 1924ರಲ್ಲೇ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಸೇನರ್ ಎಂಬಲ್ಲಿ ಕಾರ್ಲ್ ಎಲಿಯಾಸನ್ ಎಂಬುವರು ಮೋಟಾರು ಜೋಡಿಸಿದ ಜಾರುಬಂಡಿಯನ್ನು ನಿರ್ಮಿಸಿದ್ದರು.

ಹಗುರ ವಾಹನ ಬಂದ ಮೇಲೆ ಬೇಡಿಕೆ ಮುಗಿಲು ಮುಟ್ಟಿತು. 1971ರಲ್ಲಿ ಉತ್ತರ ಅಮೆರಿಕದಲ್ಲಿ ಸುಮಾರು 4.95 ಲಕ್ಷ ಸ್ನೋಮೊಬೈಲ್‌ಗಳು ಮಾರಾಟವಾದವು. ಆಗ ನೂರಕ್ಕೂ ಹೆಚ್ಚು ತಯಾರಕರಿದ್ದರು. ಇಂದು ಆ ಸಂಖ್ಯೆ ಬೆರಳೆಣಿಕೆಗೆ ಇಳಿದಿದೆ. ಜಪಾನಿನ ಯಮಹಾ ಕಂಪನಿಯೂ ಈ ಉದ್ಯಮದಿಂದ ಹಿಂದೆ ಸರಿಯುವುದಾಗಿ 2023ರಲ್ಲಿ ಪ್ರಕಟಿಸಿತು.

ಕ್ಲಬ್‌ಗಳ ಉದಯ

ವಾಹನಗಳು ಹೆಚ್ಚಿದವು, ಆದರೆ ಅವುಗಳಿಗೆ ದಾರಿ ಇರಲಿಲ್ಲ. ಸವಾರರು ಬೇಲಿ ದಾಟಿ ಹೊಲಗಳಿಗೆ, ಎಳೆ ಸಸಿಗಳ ತೋಪುಗಳಿಗೆ ನುಗ್ಗತೊಡಗಿದರು. ರಾತ್ರಿಯ ಸದ್ದಿನಿಂದ ನಿದ್ದೆ ಕೆಟ್ಟ ರೈತರು ಗೇಟುಗಳಿಗೆ ಸರಪಳಿ ಬಿಗಿದರು. ಸರ್ಕಾರಿ ಭೂಮಿಗಳಲ್ಲಿ ಇಂತಹ ವಾಹನಗಳ ಓಡಾಟಕ್ಕೆ ಮಿತಿ ಹಾಕಲು ಅಧ್ಯಕ್ಷ ರಿಚರ್ಡ್ ನಿಕ್ಸನ್ 1972ರ ಫೆಬ್ರವರಿಯಲ್ಲಿ ಆದೇಶ ಹೊರಡಿಸಬೇಕಾಯಿತು.

ಈ ಸಂಘರ್ಷಕ್ಕೆ ಊರವರೇ ಕಂಡುಕೊಂಡ ಪರಿಹಾರವೇ ಕ್ಲಬ್. ಎಲ್ಲೆಂದರಲ್ಲಿ ನುಗ್ಗುವ ಬದಲು ಜಮೀನುದಾರನ ಮನೆಗೆ ಹೋಗಿ ಕೇಳುವುದು, ಆತ ಒಪ್ಪಿದ ಅಂಚಿನಲ್ಲೇ ಒಂದು ಹಾದಿ ಗುರುತಿಸುವುದು, ಎಲ್ಲ ಸವಾರರೂ ಅದರಲ್ಲೇ ಸಾಗುವಂತೆ ನೋಡಿಕೊಳ್ಳುವುದು - ಇದಿಷ್ಟೇ ಅದರ ತಿರುಳು. ವರ್ಮಾಂಟ್ ರಾಜ್ಯದ ಹಿಮಸಂಚಾರಿಗಳ ಒಕ್ಕೂಟ 1967ರಲ್ಲಿ ಹುಟ್ಟಿಕೊಂಡಿತು. ಮೇನ್‌ನಲ್ಲೂ ಅದೇ ದಶಕದ ಕೊನೆಯಲ್ಲಿ ಕ್ಲಬ್‌ಗಳು ಒಗ್ಗೂಡಿ 'ಮೇನ್ ಸ್ನೋಮೊಬೈಲ್ ಅಸೋಸಿಯೇಷನ್' ರೂಪುಗೊಂಡಿತು.

ಒಂದೂರಿನ ಹಾದಿ ಪಕ್ಕದೂರಿನ ಹಾದಿಗೆ ಕೂಡಿಕೊಂಡಾಗ ಅದರ ಸ್ವರೂಪವೇ ಬದಲಾಯಿತು. ಊರ ಸುತ್ತ ಅಡ್ಡಾಡುವ ಹಾದಿ ದೂರ ಪ್ರಯಾಣದ ಮಾರ್ಗವಾಯಿತು. ಇಂದು ಮೇನ್‌ನಲ್ಲಿ ಸುಮಾರು 4,000 ಮೈಲಿ ಉದ್ದದ 'ಪರಸ್ಪರ ಜೋಡಿತ ಹಾದಿ ವ್ಯವಸ್ಥೆ' ಇದೆ. ಐಟಿಎಸ್ ಎಂಬ ಹ್ರಸ್ವನಾಮದಿಂದ ಪರಿಚಿತವಾಗಿರುವ ಈ ಮುಖ್ಯ ಮಾರ್ಗಗಳಿಗೆ ಹೆದ್ದಾರಿಗಳಂತೆ 83, 85 ಮೊದಲಾದ ಸಂಖ್ಯೆಗಳನ್ನು ನೀಡಲಾಗಿದೆ. ಸ್ಥಳೀಯ ಹಾದಿಗಳು ಕವಲುಗಳಂತೆ ಇವುಗಳಿಗೆ ಬಂದು ಸೇರುತ್ತವೆ. ಉತ್ತರದಲ್ಲಿ ಈ ಜಾಲ ಕೆನಡಾದ ಗಡಿಯವರೆಗೂ ಚಾಚಿಕೊಂಡಿದೆ.

ಹಾದಿ ಸಿದ್ಧವಾಗುವ ಬಗೆ

ಹಿಮಹಾದಿಯ ಕೆಲಸ ಹಿಮ ಬೀಳುವ ಬಹು ಮೊದಲೇ ಆರಂಭವಾಗುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ರಜಾದಿನಗಳಲ್ಲಿ ಕ್ಲಬ್ ಸದಸ್ಯರು ಗರಗಸ, ಕತ್ತಿಗಳೊಂದಿಗೆ ಕಾಡಿಗೆ ಇಳಿಯುತ್ತಾರೆ. ಬೇಸಿಗೆಯಲ್ಲಿ ಬೆಳೆದ ಪೊದೆ ಸವರುವುದು, ಉರುಳಿದ ಮರ ತೆಗೆಯುವುದು, ತೊರೆಗಳ ಮೇಲಿನ ಮರದ ಸೇತುವೆಗಳ ಹಲಗೆ ಬದಲಿಸುವುದು, ನೀರು ಹರಿದುಹೋಗಲು ಕೊಳವೆ ಹೂಳುವುದು, ತಿರುವು ಹಾಗೂ ರಸ್ತೆ ದಾಟುವ ಜಾಗಗಳಲ್ಲಿ ಎಚ್ಚರಿಕೆ ಫಲಕ ನೆಡುವುದು ಇವೇ ಮೊದಲಾದ ಕೆಲಸಗಳು ನಡೆಯುತ್ತವೆ. ಆ ವರ್ಷ ಮರ ಕಡಿತಕ್ಕಾಗಿ ಜಮೀನುದಾರರು ಯಾವುದಾದರೂ ಕಾಡುದಾರಿಯನ್ನು ಲಾರಿಗಳಿಗೆ ತೆರೆಯುವುದಾದರೆ ಹಾದಿಯನ್ನೇ ಬೇರೆಡೆಗೆ ತಿರುಗಿಸಬೇಕಾಗುತ್ತದೆ.

ಹಿಮ ಬಿದ್ದ ಮೇಲೆ ಶುರುವಾಗುವುದು ಹಾದಿ ಹದಗೊಳಿಸುವ ಕಾಯಕ. ವಾಹನಗಳು ವೇಗವಾಗಿ ಸಾಗಿದಂತೆ ಹಿಮದಲ್ಲಿ ಅಲೆಅಲೆಯಾದ ಉಬ್ಬುಗಳು ಮೂಡುತ್ತವೆ. ನಿರ್ಲಕ್ಷಿಸಿದರೆ ಕೆಲವೇ ದಿನಗಳಲ್ಲಿ ಸವಾರಿ ದುಸ್ತರವಾಗುತ್ತದೆ. 'ಗ್ರೂಮರ್' ಎಂದು ಕರೆಯಲಾಗುವ ಸರಪಳಿ ಪಟ್ಟಿಯ ಟ್ರ್ಯಾಕ್ಟರ್ ತನ್ನ ಹಿಂದೆ ಉದ್ದನೆಯ ಭಾರದ ಚೌಕಟ್ಟೊಂದನ್ನು ಎಳೆದುಕೊಂಡು ಹೋಗುತ್ತದೆ. ಚೌಕಟ್ಟಿನ ಅಲಗುಗಳು ಉಬ್ಬನ್ನು ಕತ್ತರಿಸುತ್ತವೆ, ಹಿಮವನ್ನು ಕಲಸಿ ಒಳಗಿನ ಗಾಳಿಯನ್ನು ಹೊರದೂಡುತ್ತವೆ. ಹಿಂಬದಿಯ ತಟ್ಟೆ ಅದನ್ನು ಒತ್ತಿ ಗಟ್ಟಿ ಮಾಡುತ್ತದೆ. ಹೀಗೆ ಹದಗೊಂಡ ಹಿಮ ಗಟ್ಟಿಯಾಗಲು ಕೆಲವು ಗಂಟೆಗಳ ಕಾಲ ಕೊರೆಯುವ ಚಳಿ ಬೇಕು, ಅದರ ಮೇಲೆ ಓಡಾಟವೂ ಇರಬಾರದು. ಆದ್ದರಿಂದ ಈ ಕೆಲಸ ಹೆಚ್ಚಾಗಿ ರಾತ್ರಿಯಲ್ಲೇ ನಡೆಯುತ್ತದೆ.

ಗಂಟೆಗೆ ಎಂಟು ಮೈಲಿ ವೇಗದಲ್ಲಿ ಸಾಗಿದರೆ 50 ಮೈಲಿ ಹಾದಿ ಹದಗೊಳಿಸಲು ಆರು ಗಂಟೆಗೂ ಹೆಚ್ಚು ಹೊತ್ತು ಬೇಕಾಗುತ್ತದೆ. ಹಗಲು ತನ್ನ ಉದ್ಯೋಗ ಮುಗಿಸಿ ಬಂದ ಸದಸ್ಯನೊಬ್ಬ ಊರೆಲ್ಲ ಮಲಗಿದ ಮೇಲೆ ಏಕಾಂಗಿಯಾಗಿ ಕಾಡಿನಲ್ಲಿ ಯಂತ್ರ ನಡೆಸಿ, ಬೆಳಕು ಹರಿಯುವ ಹೊತ್ತಿಗೆ ಮನೆ ಸೇರುತ್ತಾನೆ. ಬೆಳಿಗ್ಗೆ ನುಣುಪಾದ ಹಾದಿಯಲ್ಲಿ ಸಾಗುವ ಪ್ರವಾಸಿಗೆ ಆತನ ಹೆಸರೂ ತಿಳಿದಿರುವುದಿಲ್ಲ. ಕೆಲವು ಕ್ಲಬ್‌ಗಳು ಚಾಲಕರಿಗೆ ಅಲ್ಪ ಗೌರವಧನ ನೀಡುವುದುಂಟಾದರೂ ಉಳಿದ ದುಡಿಮೆಯೆಲ್ಲ ಉಚಿತವೇ.

ಖರ್ಚಿನ ಲೆಕ್ಕ

ದುಡಿಮೆ ಉಚಿತವಾದರೂ ಯಂತ್ರ, ಇಂಧನಗಳು ಉಚಿತವಲ್ಲ. ಹೊಸ ಗ್ರೂಮರ್ ಒಂದರ ಬೆಲೆ ಲಕ್ಷಾಂತರ ಡಾಲರ್‌ಗಳು. ಪ್ರತಿ ಸ್ನೋಮೊಬೈಲ್‌ನ ನೋಂದಣಿ ಶುಲ್ಕದ ಒಂದು ಪಾಲು ಹಾಗೂ ರಾಜ್ಯದ ಪೆಟ್ರೋಲ್ ತೆರಿಗೆಯ ಸಣ್ಣ ಅಂಶ ಸೇರಿ ರಾಜ್ಯದ ಹಾದಿ ನಿಧಿ ರೂಪುಗೊಳ್ಳುತ್ತದೆ. ಕ್ಲಬ್‌ಗಳು ಹಾಗೂ ಸ್ಥಳೀಯ ಆಡಳಿತಗಳು ಮೊದಲು ತಾವೇ ಖರ್ಚು ಮಾಡಿ, ಲೆಕ್ಕ ಒಪ್ಪಿಸಿದ ಬಳಿಕ ಅದರ ಒಂದು ಭಾಗವನ್ನು ಈ ನಿಧಿಯಿಂದ ಅನುದಾನವಾಗಿ ಮರಳಿ ಪಡೆಯುತ್ತವೆ. ಹೊರರಾಜ್ಯದವರು ಮೂರು ದಿನ, ಹತ್ತು ದಿನ ಇಲ್ಲವೇ ಇಡೀ ಋತುವಿಗೆ ಅನ್ವಯವಾಗುವಂತೆ ನೋಂದಣಿ ಮಾಡಿಸಬಹುದು.

ಉಳಿದ ಹಣವನ್ನು ಕ್ಲಬ್‌ಗಳೇ ಹೊಂದಿಸಬೇಕು. ಸದಸ್ಯತ್ವ ಶುಲ್ಕ, ಲಾಟರಿ ಚೀಟಿ, ಭಾನುವಾರದ ಉಪಾಹಾರ, ನಿಧಾನ ಉರಿಯಲ್ಲಿ ಬೇಯಿಸಿದ ಬೀನ್ಸ್ ಕಾಳಿನ ರಾತ್ರಿಯೂಟ - ಹೀಗೆ ಹನಿ ಹನಿಗೂಡಿ ಹಳ್ಳವಾಗುತ್ತದೆ. ಬೀನ್ಸ್ ಕಾಳಿನ ಊಟ ಮೇನ್ ಗ್ರಾಮಗಳ ಹಳೆಯ ಸಂಪ್ರದಾಯ. ಸಭಾಭವನದಲ್ಲಿ ಊರವರೆಲ್ಲ ಸಾಲಾಗಿ ಕುಳಿತು ಉಣ್ಣುವ ಈ ಕೂಟದಿಂದ ಬಂದ ಹಣವೇ ಎಷ್ಟೋ ಕ್ಲಬ್‌ಗಳ ಡೀಸೆಲ್ ಖರ್ಚಿಗೆ ಆಧಾರವಾಗಿದೆ.

ನೆರೆಯ ರಾಜ್ಯಗಳಲ್ಲಿ ಬೇರೆ ಬೇರೆ ಪದ್ಧತಿಗಳಿವೆ. ವರ್ಮಾಂಟ್‌ನಲ್ಲಿ ರಾಜ್ಯದ ಹಾದಿಜಾಲ ಬಳಸಬೇಕಾದರೆ ಕ್ಲಬ್‌ನ ಸದಸ್ಯರಾಗುವುದು ಹಾಗೂ ಹಾದಿ ನಿರ್ವಹಣಾ ಶುಲ್ಕ ತೆರುವುದು ಅಗತ್ಯ. ನ್ಯೂಯಾರ್ಕ್ ರಾಜ್ಯದಲ್ಲಿ ಸ್ನೋಮೊಬೈಲ್ ನೋಂದಣಿ ಶುಲ್ಕ ಕ್ಲಬ್ ಸದಸ್ಯರಿಗೆ ಕಡಿಮೆ. ಮೇನ್‌ನಲ್ಲಿ ಇಂತಹ ಕಡ್ಡಾಯವಿಲ್ಲ. ಸೇರುವುದು ಸವಾರರ ವಿವೇಚನೆಗೆ ಬಿಟ್ಟದ್ದು. ಪರಿಣಾಮವಾಗಿ, ಹಾದಿ ಬಳಸುವ ಅನೇಕರು ಯಾವ ಕ್ಲಬ್‌ಗೂ ಸೇರದೆ ಉಳಿಯುತ್ತಾರೆ.

ಜಮೀನುದಾರರ ಒಪ್ಪಿಗೆ

ಈ ವ್ಯವಸ್ಥೆಯ ಅತ್ಯಂತ ಸೂಕ್ಷ್ಮ ಕೊಂಡಿ ಎಂದರೆ ಜಮೀನುದಾರ. ಮೇನ್‌ನ ಸುಮಾರು ಶೇ.90ರಷ್ಟು ನೆಲ ಅರಣ್ಯವಾಗಿದ್ದರೂ ಅದು ಸರ್ಕಾರದ್ದಲ್ಲ. ಮರದ ಕಂಪನಿಗಳು, ಹೂಡಿಕೆ ಸಂಸ್ಥೆಗಳು, ಕುಟುಂಬಗಳು ಅದರ ಒಡೆತನ ಹೊಂದಿವೆ. ಅನೇಕ ಕಡೆ ಕ್ಲಬ್‌ಗೆ ದೊರೆಯುವ ಅನುಮತಿ ಒಂದು ಮಾತು, ಒಂದು ಹಸ್ತಲಾಘವ ಅಷ್ಟೇ. ಜಮೀನು ಮಾರಾಟವಾದರೆ, ಒಡೆಯ ತೀರಿಕೊಂಡರೆ, ಸವಾರನೊಬ್ಬ ಹಾದಿ ಬಿಟ್ಟು ಹೊಲಕ್ಕೆ ನುಗ್ಗಿದರೆ ಆ ಅನುಮತಿ ಮರುದಿನವೇ ರದ್ದಾಗಬಹುದು.

ಹಿಮದಡಿ ಅಡಗಿದ ಎಳೆಯ ಸ್ಪ್ರೂಸ್ ಸಸಿಯ ಕುಡಿಯನ್ನು ವಾಹನದ ಪಟ್ಟಿ ಕತ್ತರಿಸಿಹಾಕುತ್ತದೆ. ಸವಾರನಿಗೆ ಅದು ಗೊತ್ತೂ ಆಗದು. ಆದರೆ ಒಡೆಯನಿಗೆ ಅದು ವರ್ಷಗಳ ಬೆಳೆಯ ನಷ್ಟ. ಸಾವಿರಾರು ಸವಾರರ ಪೈಕಿ ಒಬ್ಬನ ಉದ್ಧಟತನಕ್ಕೆ ಇಡೀ ಹಾದಿಯೇ ಮುಚ್ಚಿದರೆ ಅದನ್ನು ಬಳಸಿ ಸುತ್ತಿಕೊಂಡು ಹೋಗಲು ಇನ್ನೊಬ್ಬ ಜಮೀನುದಾರನ ಬಾಗಿಲು ತಟ್ಟಬೇಕಾದವರು ಅದೇ ಸ್ವಯಂಸೇವಕರು.

ಜಮೀನುದಾರರ ಭಯವನ್ನು ಕಡಿಮೆ ಮಾಡಲು ಕಾನೂನಿನ ಆಸರೆಯೂ ಇದೆ. 1979ರಲ್ಲಿ ಜಾರಿಗೆ ಬಂದ ಮೇನ್ ಶಾಸನದ ಪ್ರಕಾರ, ವಿಹಾರಕ್ಕಾಗಿ ತನ್ನ ನೆಲವನ್ನು ಉಚಿತವಾಗಿ ಬಿಟ್ಟುಕೊಟ್ಟವನು ಅದನ್ನು ಅಪಾಯರಹಿತವಾಗಿ ಇಡುವ ಹೊಣೆ ಹೊರಬೇಕಿಲ್ಲ. ಅನುಮತಿ ನೀಡಿದ ಮಾತ್ರಕ್ಕೆ 'ಇಲ್ಲಿ ಸುರಕ್ಷಿತವಾಗಿದೆ' ಎಂದು ಭರವಸೆ ಕೊಟ್ಟಂತೆಯೂ ಆಗದು. ಯಾರಾದರೂ ಮೊಕದ್ದಮೆ ಹೂಡಿ ಸೋತರೆ ಒಡೆಯನ ವಕೀಲರ ಶುಲ್ಕವನ್ನೂ ಅವರೇ ಭರಿಸಬೇಕಾಗುತ್ತದೆ. ಉದ್ದೇಶಪೂರ್ವಕವಾಗಿ ಅಪಾಯವನ್ನು ಮುಚ್ಚಿಟ್ಟರೆ ಮಾತ್ರ ಈ ರಕ್ಷಣೆ ಇಲ್ಲ. ಈ ಶಾಸನವಿಲ್ಲದೆ ಹಿಮಹಾದಿಗಳನ್ನು ಕಲ್ಪಿಸಿಕೊಳ್ಳುವುದೂ ಕಷ್ಟ.

ಮಿಲಿನಾಕೆಟ್: ಕಾಗದದಿಂದ ಹಿಮದತ್ತ

ಹಿಮಹಾದಿ ಎಂಬುದು ಕೆಲವು ಊರುಗಳಿಗೆ ಬರಿಯ ಮನರಂಜನೆಯಲ್ಲ ಎಂಬುದಕ್ಕೆ ಮಿಲಿನಾಕೆಟ್ ಉದಾಹರಣೆ. ಮೇನ್‌ನ ಅತಿ ಎತ್ತರದ ಕಟಾಡಿನ್ ಪರ್ವತದ ಸಮೀಪದಲ್ಲಿರುವ ಈ ಊರು ಹುಟ್ಟಿದ್ದೇ ಕಾಗದದ ಕಾರ್ಖಾನೆಗಾಗಿ. ಗ್ರೇಟ್ ನಾರ್ದರ್ನ್ ಪೇಪರ್ ಕಂಪನಿಯ ಗಿರಣಿ 1900ರಲ್ಲಿ ಕಾರ್ಯಾರಂಭ ಮಾಡಿದಾಗ ಕಾಡಿನ ನಡುವೆ ಹಠಾತ್ತನೆ ಎದ್ದು ನಿಂತ ಊರನ್ನು ಜನ 'ಮಾಯಾನಗರಿ' ಎಂದು ಕರೆದರು. 1970ರ ಜನಗಣತಿಯ ವೇಳೆಗೆ ಇಲ್ಲಿ 7,700ಕ್ಕೂ ಅಧಿಕ ಜನರಿದ್ದರು.

ಕಂಪನಿ 2003ರಲ್ಲಿ ದಿವಾಳಿಯಾಯಿತು. ಹೊಸ ಒಡೆತನದಲ್ಲಿ ಮತ್ತೆ ತೆರೆದರೂ ಮಿಲಿನಾಕೆಟ್ ಗಿರಣಿ 2008ರಲ್ಲಿ ಮುಚ್ಚಿತು. ಪಕ್ಕದ ಈಸ್ಟ್ ಮಿಲಿನಾಕೆಟ್‌ನ ಗಿರಣಿಯೂ 2014ರಲ್ಲಿ ನಿಂತುಹೋಯಿತು. ಯುವಕರು ಊರು ತೊರೆದರು. 2020ರ ಜನಗಣತಿಯಲ್ಲಿ ಮಿಲಿನಾಕೆಟ್‌ನ ಜನಸಂಖ್ಯೆ ಸುಮಾರು 4,100ಕ್ಕೆ ಕುಸಿದಿತ್ತು.

ಇಂತಹ ಊರಿನಲ್ಲಿ ಚಳಿಗಾಲದ ವಾರಾಂತ್ಯದಂದು ಬಂದಿಳಿಯುವ ಸ್ನೋಮೊಬೈಲ್ ಸವಾರರು ತಂದ ಹಣಕ್ಕೆ ವಿಶೇಷ ಬೆಲೆ. ಸವಾರರು ಎಂಟು ಹತ್ತು ಮಂದಿಯ ತಂಡವಾಗಿ ಬರುತ್ತಾರೆ, ಎರಡು ಮೂರು ರಾತ್ರಿ ತಂಗುತ್ತಾರೆ. ದಿನಕ್ಕೆ ನೂರು ಮೈಲಿ ಸಾಗುವುದು ಸಾಮಾನ್ಯವಾದ್ದರಿಂದ ದಾರಿಯಲ್ಲಿ ಮತ್ತೆ ಮತ್ತೆ ಇಂಧನ ತುಂಬಿಸಿಕೊಳ್ಳಲೇಬೇಕು, ಮೈ ಬೆಚ್ಚಗಾಗಿಸಿಕೊಳ್ಳಲು ಎಲ್ಲಾದರೂ ಊಟಕ್ಕೆ ನಿಲ್ಲಲೇಬೇಕು. ಹೆದ್ದಾರಿಯಿಂದ ದೂರವಿರುವ ಒಂಟಿ ಅಂಗಡಿಯ ಬಾಗಿಲಿಗೇ ಹಾದಿ ಬರುವುದರಿಂದ, ಬೇಸಿಗೆಯ ಪ್ರವಾಸಿ ಕಾಣದ ಮೂಲೆಗೂ ಆದಾಯ ತಲುಪುತ್ತದೆ. ಮೂಸ್‌ಹೆಡ್ ಸರೋವರದ ತೀರ, ರೇಂಜ್‌ಲಿ, ಜ್ಯಾಕ್‌ಮನ್, ಅರೂಸ್ಟುಕ್ ಕೌಂಟಿಯ ಕ್ಯಾರಿಬೂ, ಫೋರ್ಟ್ ಕೆಂಟ್ ಮೊದಲಾದ ಕಡೆಗಳಲ್ಲೂ ಇದೇ ಚಿತ್ರಣ. ಬೇಸಿಗೆಯ ಮೀನುಗಾರಿಕೆ, ಶರತ್ಕಾಲದ ಬೇಟೆ ಮುಗಿದ ಮೇಲೆ ಬಾಗಿಲು ಹಾಕಬೇಕಾಗಿದ್ದ ವಸತಿಗೃಹಗಳು ಹಿಮಹಾದಿಯ ದೆಸೆಯಿಂದ ವರ್ಷವಿಡೀ ನೌಕರರನ್ನು ಇರಿಸಿಕೊಳ್ಳಲು ಸಾಧ್ಯವಾಗಿದೆ.

ಒಂದು ಭೂಖರೀದಿಯ ಪಾಠ

ಅನುಮತಿ ಎಂಬುದು ಎಷ್ಟು ನಾಜೂಕಾದದ್ದು ಎಂಬುದನ್ನೂ ಈ ಪ್ರದೇಶ ಕಂಡಿದೆ. ಬರ್ಟ್ಸ್ ಬೀಸ್ ಎಂಬ ಸೌಂದರ್ಯವರ್ಧಕ ಕಂಪನಿಯ ಸಹಸ್ಥಾಪಕಿ ರೊಕ್ಸಾನ್ ಕ್ವಿಂಬಿ ಅವರು 2000ದ ದಶಕದ ಆರಂಭದಿಂದ ಕಟಾಡಿನ್ ಸುತ್ತಮುತ್ತ ಸಾವಿರಾರು ಎಕರೆ ಕಾಡನ್ನು ಖರೀದಿಸಿ, ಅದನ್ನು ರಾಷ್ಟ್ರೀಯ ಉದ್ಯಾನವಾಗಿಸುವ ಉದ್ದೇಶ ಹೊಂದಿದ್ದರು. ಅವರು ತಮ್ಮ ಜಮೀನಿನಲ್ಲಿ ಬೇಟೆ ಹಾಗೂ ಸ್ನೋಮೊಬೈಲ್ ಸಂಚಾರಕ್ಕೆ ನಿರ್ಬಂಧ ಹಾಕಿದಾಗ ತಲೆಮಾರುಗಳಿಂದ ಕಾಗದ ಕಂಪನಿಗಳ ಕಾಡಿನಲ್ಲಿ ಮುಕ್ತವಾಗಿ ಓಡಾಡಿಕೊಂಡಿದ್ದ ಸ್ಥಳೀಯರು ಕೆರಳಿದರು.

ಕಾನೂನಿನ ದೃಷ್ಟಿಯಲ್ಲಿ ಅದು ಒಡೆಯರ ಹಕ್ಕು. ಗಿರಣಿಯೂ ಮುಚ್ಚಿದ್ದ ಊರಿನ ಜನರಿಗಾದರೋ ಅದು ಇದ್ದ ಒಂದು ಆಸರೆಯೂ ಕೈಜಾರಿದಂತೆ ತೋರಿತು. ವರ್ಷಗಳ ವಾಗ್ವಾದ, ಮಾತುಕತೆಗಳ ಬಳಿಕ ನಿಲುವುಗಳು ಸಡಿಲಗೊಂಡವು. 2016ರ ಆಗಸ್ಟ್ 24ರಂದು ಅಧ್ಯಕ್ಷ ಬರಾಕ್ ಒಬಾಮ ಅವರು ಸುಮಾರು 87,500 ಎಕರೆಯ ಆ ನೆಲವನ್ನು 'ಕಟಾಡಿನ್ ವುಡ್ಸ್ ಅಂಡ್ ವಾಟರ್ಸ್' ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದಾಗ, ಅದರ ಕೆಲವು ಭಾಗಗಳಲ್ಲಿ ಸ್ನೋಮೊಬೈಲ್ ಸಂಚಾರಕ್ಕೆ ಅವಕಾಶ ಉಳಿಯಿತು. ಒಡೆಯ ಬದಲಾದರೆ ಹಾದಿ ಬದಲಾಗುತ್ತದೆ, ಹಾದಿ ಬದಲಾದರೆ ಊರಿನ ಗಳಿಕೆ ಬದಲಾಗುತ್ತದೆ ಎಂಬ ಪಾಠವನ್ನು ಈ ಪ್ರಸಂಗ ಕಲಿಸಿತು.

ಹಣಕ್ಕೆ ಮೀರಿದ ಲಾಭ

ಮೇನ್‌ನ ಉತ್ತರ ಭಾಗದಲ್ಲಿ ಚಳಿಗಾಲ ದೀರ್ಘ. ಕ್ಯಾರಿಬೂ ಪಟ್ಟಣದಲ್ಲಿ ವರ್ಷಕ್ಕೆ ಸರಾಸರಿ ಒಂಬತ್ತು ಅಡಿಗೂ ಹೆಚ್ಚು ಹಿಮ ಬೀಳುತ್ತದೆ. ಸಂಜೆ ನಾಲ್ಕಕ್ಕೆಲ್ಲ ಕತ್ತಲಾವರಿಸುವ ದಿನಗಳಲ್ಲಿ, ಮನೆಗಳು ಮೈಲಿಗಟ್ಟಲೆ ದೂರವಿರುವ ಹಳ್ಳಿಗಳಲ್ಲಿ ಜನರನ್ನು ಮನೆಯಿಂದ ಹೊರತರುವ ಕೆಲಸವನ್ನು ಕ್ಲಬ್ ಮಾಡುತ್ತದೆ. ಶಾಲೆ ಮುಚ್ಚಿ, ಅಂಚೆ ಕಚೇರಿಯ ವೇಳೆ ಕಡಿತಗೊಂಡ ಎಷ್ಟೋ ಊರುಗಳಲ್ಲಿ ಕ್ಲಬ್‌ನ ಕಟ್ಟಡವೇ ಉಳಿದಿರುವ ಸಮುದಾಯ ಭವನ.

ಒಂದೇ ಸೇತುವೆಯ ಹಲಗೆ ಬಡಿಯಲು ಶಿಕ್ಷಕ, ಮರ ಕಡಿಯುವವ, ಬ್ಯಾಂಕ್ ನೌಕರ, ನಿವೃತ್ತ ಗಿರಣಿ ಕಾರ್ಮಿಕ ಒಟ್ಟಿಗೆ ನಿಲ್ಲುತ್ತಾರೆ. ವರ್ಷಕ್ಕೊಮ್ಮೆ ಜಮೀನುದಾರರನ್ನು ಕರೆದು ಔತಣವಿಡುವುದು ಅನೇಕ ಕ್ಲಬ್‌ಗಳ ವಾಡಿಕೆ. ಅಂಗವಿಕಲ ಮಕ್ಕಳು ಹಾಗೂ ವಯಸ್ಕರಿಗಾಗಿ ನಡೆಯುವ 'ಪೈನ್ ಟ್ರೀ ಕ್ಯಾಂಪ್' ಎಂಬ ಶಿಬಿರಕ್ಕಾಗಿ ಮೇನ್‌ನ ಸವಾರರು ದೀರ್ಘಕಾಲದಿಂದ ಸಹಾಯಾರ್ಥ ಸವಾರಿ ನಡೆಸಿ ನಿಧಿ ಸಂಗ್ರಹಿಸುತ್ತ ಬಂದಿದ್ದಾರೆ. ಕಾಡಿನಲ್ಲಿ ಯಾರಾದರೂ ದಾರಿ ತಪ್ಪಿದಾಗ ಹುಡುಕಾಟಕ್ಕೆ ನೆರವಾಗುವವರಲ್ಲೂ ಆ ಹಾದಿಗಳ ಮೂಲೆಮೂಲೆ ಬಲ್ಲ ಕ್ಲಬ್ ಸದಸ್ಯರಿರುತ್ತಾರೆ. ಹದಗೊಂಡ ಹಾದಿಯನ್ನು ಸ್ಕೀಯಿಂಗ್ ಮಾಡುವವರು, ನಾಯಿಬಂಡಿ ಓಡಿಸುವವರು ಬಳಸುವುದೂ ಉಂಟು.

ಆಕ್ಷೇಪಗಳು

ಎಲ್ಲರಿಗೂ ಈ ವಾಹನ ಪ್ರಿಯವಲ್ಲ. ಸದ್ದು, ಹೊಗೆ, ವನ್ಯಜೀವಿಗಳಿಗೆ ಆಗುವ ತೊಂದರೆಗಳ ಬಗ್ಗೆ ದೂರುಗಳು ಮೊದಲಿನಿಂದಲೂ ಇವೆ. ಕ್ವಿಬೆಕ್‌ನ ಲಾರೆಂಟಿಯನ್ ಬೆಟ್ಟಗಳಲ್ಲಿ ಹಳೆಯ ರೈಲು ಮಾರ್ಗವೊಂದನ್ನು ಹಿಮಹಾದಿಯಾಗಿ ಬಳಸುತ್ತಿದ್ದಾಗ ಅದರ ಅಕ್ಕಪಕ್ಕದ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. 2004ರಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯ ನಿವಾಸಿಗಳ ಪರ ತೀರ್ಪಿತ್ತು, ಆ ಭಾಗದಲ್ಲಿ ಸಂಚಾರವನ್ನು ನಿಷೇಧಿಸಿ ಪರಿಹಾರಕ್ಕೂ ಆದೇಶಿಸಿತು. ಒಬ್ಬರಿಗೆ ಆದಾಯ ತರುವ ಹಾದಿ ಇನ್ನೊಬ್ಬರ ನೆಮ್ಮದಿ ಕಸಿಯಬಾರದು ಎಂಬ ತತ್ವವನ್ನು ಆ ಪ್ರಕರಣ ಎತ್ತಿಹಿಡಿಯಿತು.

ಹೊಗೆಯ ವಿಚಾರದಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2002ರಲ್ಲಿ ನಿಯಮ ರೂಪಿಸಿತು. 2006ರ ಮಾದರಿಗಳಿಂದ ಅದು ಜಾರಿಗೆ ಬಂದಿದ್ದು, ಎಂಜಿನ್‌ಗಳು ಹಿಂದಿಗಿಂತ ಶುದ್ಧವಾಗಿವೆ. ಅಪಘಾತಗಳ ಆತಂಕವೂ ಇದ್ದೇ ಇದೆ. ಅತಿವೇಗ, ಮದ್ಯಪಾನ ಹಾಗೂ ತೆಳುವಾದ ಮಂಜುಗಡ್ಡೆ ಪ್ರತಿವರ್ಷ ಸಾವಿಗೆ ಕಾರಣವಾಗುತ್ತಿವೆ. ಗುರುತಿಸಿದ ಹಾದಿ ಎಂಬುದು ಸವಾರನನ್ನು ಹೊಲಗಳಿಂದ ದೂರವಿಡುವಂತೆಯೇ ಅಪಾಯದಿಂದಲೂ ದೂರವಿಡುವ ಸಾಧನ ಎಂಬುದನ್ನು ಇಲ್ಲಿ ನೆನೆಯಬೇಕು.

ಕರಗುತ್ತಿರುವ ಬಂಡವಾಳ

ಇಡೀ ವ್ಯವಸ್ಥೆಯ ಮೂಲ ಬಂಡವಾಳ ಹಿಮ. ಅದೇ ಈಗ ಅನಿಶ್ಚಿತವಾಗುತ್ತಿದೆ. ಹಿಮವಿಲ್ಲದೆ ಹಾದಿಯಿಲ್ಲ ಎಂಬುದಷ್ಟೇ ಅಲ್ಲ, ವಾಹನವೂ ನಡೆಯದು. ಬಹುತೇಕ ಹೊಸ ಸ್ನೋಮೊಬೈಲ್‌ಗಳ ಎಂಜಿನ್ ತಣ್ಣಗಾಗುವುದು, ಪಟ್ಟಿ ಜಾರುವ ಭಾಗಗಳು ಸವೆಯದೆ ಉಳಿಯುವುದು ಮೇಲೆ ಚಿಮ್ಮುವ ಹಿಮದಿಂದಲೇ.

2023-24ರ ಚಳಿಗಾಲ ಅಮೆರಿಕದ ಮುಖ್ಯಭೂಮಿಯಲ್ಲಿ ದಾಖಲೆಯ ಇತಿಹಾಸದಲ್ಲೇ ಅತ್ಯಂತ ಬೆಚ್ಚಗಿನದಾಗಿತ್ತು. ಮಿನ್ನೆಸೋಟ, ವಿಸ್ಕಾನ್ಸಿನ್ ರಾಜ್ಯಗಳ ಅನೇಕ ಹಾದಿಗಳು ತೆರೆಯಲೇ ಇಲ್ಲ. ಮೇನ್‌ಗೆ ಹಿಮದ ಕೊರತೆಯ ಜತೆಗೆ ನೀರಿನ ಹೊಡೆತವೂ ಬಿದ್ದಿತು. 2023ರ ಮೇ ತಿಂಗಳ ಮಳೆ ಹಾಗೂ ಅದೇ ವರ್ಷ ಡಿಸೆಂಬರ್ 18ರ ಬಿರುಗಾಳಿ ಮಳೆಗೆ ರಾಜ್ಯದ ಪಶ್ಚಿಮ ಭಾಗದ ನದಿಗಳು ಉಕ್ಕಿ ಹರಿದು, ಹಾದಿಗಳು ಕೊಚ್ಚಿಹೋದವು. ವರ್ಷಗಳ ಕಾಲ ರಜಾದಿನಗಳಲ್ಲಿ ಕಟ್ಟಿದ ಸೇತುವೆಗಳು ಒಂದೇ ರಾತ್ರಿಯಲ್ಲಿ ಇಲ್ಲವಾದವು.

ಈ ಹಿನ್ನೆಲೆಯಲ್ಲಿ 2024ರ ನವೆಂಬರ್‌ನಲ್ಲಿ ಮೇನ್ ಮತದಾರರು ಮೂರು ಕೋಟಿ ಡಾಲರ್‌ಗಳ ಹಾದಿ ಸಾಲಪತ್ರ ಯೋಜನೆಗೆ ಒಪ್ಪಿಗೆ ನೀಡಿದರು. ಅದರ ಕಾಲುಭಾಗ ಮೋಟಾರು ವಾಹನಗಳ ಹಾದಿಗೆ, ಕಾಲುಭಾಗ ನಡಿಗೆ ಮತ್ತಿತರ ಮೋಟಾರುರಹಿತ ಹಾದಿಗೆ, ಉಳಿದರ್ಧ ಎಲ್ಲರೂ ಬಳಸುವ ಹಾದಿಗಳಿಗೆ ಮೀಸಲು. ಸರ್ಕಾರದ ಹಣ ಸೇತುವೆಯನ್ನು ಮರಳಿ ಕಟ್ಟಬಲ್ಲದು. ಆದರೆ ರಾತ್ರಿಯಿಡೀ ಯಂತ್ರ ನಡೆಸುವ ಕೈಗಳನ್ನು ಅದು ಕೊಳ್ಳಲಾರದು.

ಮುಂದೇನು?

ಕ್ಲಬ್‌ಗಳ ಸಭೆಗಳಲ್ಲಿ ನರೆತ ತಲೆಗಳೇ ಹೆಚ್ಚು. ಕಾರ್ಖಾನೆ ಮುಚ್ಚಿ ಯುವಕರು ವಲಸೆ ಹೋದ ಊರುಗಳಲ್ಲಿ ಗರಗಸ ಹಿಡಿಯಲು ಮುಂದೆ ಬರುವವರು ಕಡಿಮೆ. ಹಾದಿಯಿಂದ ಗಳಿಸುವ ವಸತಿಗೃಹ, ಉಪಾಹಾರ ಮಂದಿರಗಳ ಪೈಕಿ ಕೆಲವು ಕ್ಲಬ್‌ಗೆ ಇಂಧನ, ದೇಣಿಗೆ ಕೊಟ್ಟು ಋಣ ತೀರಿಸುತ್ತವೆ. ಊರು ಉಪಕಾರ ಅರಿಯದು ಎಂಬ ಮಾತನ್ನು ನಿಜವಾಗಿಸುವವರೂ ಇಲ್ಲದಿಲ್ಲ. ಕ್ಲಬ್ ಸದಸ್ಯತ್ವವನ್ನು ನೋಂದಣಿಯೊಂದಿಗೆ ಬೆಸೆದ ನ್ಯೂಯಾರ್ಕ್, ವರ್ಮಾಂಟ್‌ಗಳ ಮಾದರಿ ಹಣದ ಕೊರತೆಯನ್ನು ಒಂದಿಷ್ಟು ನೀಗಿಸಬಹುದಾದರೂ ದುಡಿಯುವವರ ಕೊರತೆಗೆ ಅದು ಉತ್ತರವಲ್ಲ.

ಹಿಮಹಾದಿಗಳ ಆರ್ಥಿಕ ಲಾಭವನ್ನು ಲೆಕ್ಕ ಹಾಕುವಾಗ ಸಾಮಾನ್ಯವಾಗಿ ಕೋಣೆಯ ಬಾಡಿಗೆ, ಪೆಟ್ರೋಲ್, ಊಟದ ಬಿಲ್ಲುಗಳನ್ನು ಕೂಡಿಸಲಾಗುತ್ತದೆ. ಜಮೀನುದಾರ ಬೇಡದೆ ಬಿಟ್ಟ ಬಾಡಿಗೆ, ಸ್ವಯಂಸೇವಕ ಪಡೆಯದೆ ಬಿಟ್ಟ ಕೂಲಿ ಆ ಲೆಕ್ಕದಲ್ಲಿ ಸೇರುವುದಿಲ್ಲ. ಅವೆರಡಕ್ಕೂ ಬೆಲೆ ಕಟ್ಟಿ ಪಾವತಿಸಬೇಕಾದ ದಿನ ಬಂದರೆ 14,000 ಮೈಲಿಗಳ ಈ ಜಾಲವನ್ನು ಉಳಿಸಿಕೊಳ್ಳಲು ಯಾವ ಊರಿಗೂ, ಬಹುಶಃ ರಾಜ್ಯಕ್ಕೂ, ಸಾಧ್ಯವಾಗದು. ಆದ್ದರಿಂದಲೇ ವರ್ಷಕ್ಕೊಮ್ಮೆ ಜಮೀನುದಾರನಿಗೆ ಬಡಿಸುವ ಆ ಊಟ ಬರಿಯ ಉಪಚಾರವಲ್ಲ. ಬರುವ ಚಳಿಗಾಲದ ಹಾದಿ ತೆರೆದುಕೊಳ್ಳುವುದು ಅಲ್ಲಿಂದಲೇ.